ಹಸಿರು ಬೊಟ್ಟು, ಬತ್ತಿದ ನಲ್ಲಿ

ನಾನು ಕೆಲಸಕ್ಕಿದ್ದ ದಾವಣಗೆರೆಯ ಪುಟ್ಟ ಕಂಪನಿ ಪಾಲಿಕೆಯ ಗುತ್ತಿಗೆಯಲ್ಲಿ ಊರಿನ ನೀರಿನ ಟ್ಯಾಂಕುಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ನಡೆಸುತ್ತಿತ್ತು. ಹರಿಹರದ ಹೊಳೆದಂಡೆಯ ಪಂಪ್‌ಹೌಸ್‌ನಿಂದ ಟ್ಯಾಂಕಿನ ಮಟ್ಟದ ಅಂಕಿಗಳು ನಮ್ಮ ಸರ್ವರ್‌ಗೆ ಎಡೆಬಿಡದೆ ಹರಿದುಬರಬೇಕು. ಸಂಪರ್ಕ ಇದ್ದರೆ ಪರದೆಯಲ್ಲಿ ಹಸಿರು ಬೊಟ್ಟು.

ಆ ಬೊಟ್ಟಿನ ವಿಷಯಕ್ಕೆ ನಾನು ಮೊದಲೇ ಜಗಳವಾಡಿದ್ದೆ. ಸಂಪರ್ಕ ತೆರೆದಿದ್ದರೆ ಸಾಕೇ? ಅದರಲ್ಲಿ ಅಂಕಿ ಹರಿಯುತ್ತಿದೆಯೋ, ನಿಂತಿದೆಯೋ, ಕೊನೆಯದು ಯಾವಾಗ ಬಂತೋ ಎಂದು ಪ್ರೋಗ್ರಾಮ್ ಆಗಾಗ ಪರೀಕ್ಷಿಸಬೇಡವೇ? ಮ್ಯಾನೇಜರ್ ನಕ್ಕುಬಿಟ್ಟಿದ್ದರು.

"ಹಸಿರು ಐತಲ್ರಿ ಮೇಡಂ. ಇಲ್ಲದ ತಲೆನೋವು ಯಾಕ?"

ಬೇಸಿಗೆಯ ಒಂದು ಬೆಳಿಗ್ಗೆ ದೂರಿನ ಫೋನ್ ಬಂತು. ವಿನೋಬನಗರದಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಮ್ಯಾನೇಜರ್ ಸ್ಪೀಕರ್ ಹಾಕಿ, ಪರದೆ ನೋಡಿ, "ಟ್ಯಾಂಕ್ ತುಂಬೈತ್ರಿ. ನಿಮ್ಮನೆ ಪೈಪ್ ನೋಡಿಸ್ರಿ" ಎಂದರು.

"ನಿನ್ನೆಯಿಂದ ಇದನ್ನೇ ಹೇಳಾಕತ್ತೀರಿ! ಇಡೀ ಓಣಿ ಕೊಡ ಹಿಡ್ಕಂಡು ನಿಂತೈತೆ. ಮನ್ಯಾಗೆ ಬಾಣಂತಿ ಅದಾಳೆ. ಎಲ್ಲಾರ ಪೈಪೂ ಒಂದೇ ದಿನ ಕೆಟ್ಟಾವೇನ್ರಿ?"

ಮ್ಯಾನೇಜರ್ ಫೋನ್ ಇಟ್ಟರು. ನನಗೆ ಮೈಯೆಲ್ಲ ಉರಿಯಿತು. ಸರ್ವರ್ ಒಳಗೆ ನೋಡಿದರೆ ಹಿಂದಿನ ದಿನ ಬೆಳಗಿನಿಂದ ಒಂದು ಅಂಕಿಯೂ ಬಂದಿರಲಿಲ್ಲ. ಸಂಪರ್ಕ ಮಾತ್ರ ಮುಚ್ಚದೆ ಹಾಗೇ ಉಳಿದಿತ್ತು. ನಮ್ಮ ಪರದೆ ಹಳೆಯ ಅಂಕಿಯನ್ನೇ ಹೊಸದೆಂಬಂತೆ ತೋರಿಸುತ್ತಿತ್ತು. ಪಂಪ್‌ಹೌಸ್‌ಗೆ ನಾನೇ ಫೋನ್ ಮಾಡಿದೆ. ಕರೆಂಟ್ ಹಂಚುವ ಪ್ಯಾನೆಲ್ ಬೋರ್ಡ್ ಸುಟ್ಟು ಮೋಟಾರೂ, ಅಂಕಿ ಕಳಿಸುವ ಯಂತ್ರವೂ ಒಟ್ಟಿಗೇ ನಿಂತಿದ್ದವು. ರಿಪೇರಿಯವರನ್ನು ಹೊರಡಿಸಿ, ನಾನು ಹಿಂದೆ ಕೇಳಿದ್ದ ಪರೀಕ್ಷೆಯನ್ನು ಯಾರನ್ನೂ ಕೇಳದೆ ಪ್ರೋಗ್ರಾಮಿಗೆ ಸೇರಿಸಿದೆ. ಬೊಟ್ಟು ಕೆಂಪಾಯಿತು.

ಮ್ಯಾನೇಜರ್ ಓಡಿ ಬಂದರು. "ಕೆಂಪು ತೆಗೀರಿ! ಗುತ್ತಿಗೆ ಕೊಟ್ಟೋರು ಮಧ್ಯಾಹ್ನ ನೋಡಾಕ ಬರ್ತಾರೆ."

"ನೋಡ್ಲಿ ಅಂತಾನೇ ಹಾಕೀನಿ ಸರ್. ತೆಗೆಯಲ್ಲ."

ಗುತ್ತಿಗೆ ಕೊಟ್ಟವರು ಬಂದಾಗ ಮ್ಯಾನೇಜರ್ ನಾಚಿಕೆಯಿಲ್ಲದೆ, "ನೋಡ್ರಿ, ನಮ್ಮ ಸಿಸ್ಟಮ್ ತಕ್ಷಣ ಹಿಡೀತು" ಅಂದರು. ನನಗೆ ತಡೆಯಲಾಗಲಿಲ್ಲ.

"ಹಿಡಿದದ್ದು ಸಿಸ್ಟಮ್ ಅಲ್ಲ ಸರ್, ವಿನೋಬನಗರದ ಒಬ್ಬ ಹೆಣ್ಣುಮಗಳು. ನಿನ್ನೆಯಿಂದ ಅವರಿಗೆ ನಾವು ಸುಳ್ಳು ಹೇಳಾಕತ್ತೀವಿ."

ಬಂದವರಲ್ಲಿ ಹಿರಿಯರು, ಈ ಪರೀಕ್ಷೆ ಎಲ್ಲ ಟ್ಯಾಂಕುಗಳಿಗೂ ಇರಲಿ ಎಂದು ಅಲ್ಲೇ ಹೇಳಿದರು. ಆ ಹೆಂಗಸಿನ ಕ್ಷಮೆ ಕೇಳಬೇಕೆಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಸಂಜೆ ನಾನೇ ಅವರಿಗೆ ಫೋನ್ ಮಾಡಿದೆ.

"ನೀರು ಬಂತಮ್ಮ," ಎಂದರು. "ಆದ್ರೆ ನಿನ್ನೆ ನಮ್ಮ ಮಾತು ಯಾಕ ನಂಬ್ಲಿಲ್ಲ?"

ಉತ್ತರ ಕೊಡಬೇಕಾದ ಮ್ಯಾನೇಜರ್ ಆಗಲೇ ಬ್ಯಾಗು ಹಿಡಿದು ಮನೆಗೆ ಹೋಗಿಬಿಟ್ಟಿದ್ದರು.