ಮನೆಗಾಡಿಯ ಆಂಟೆನಾ

ಬ್ರಹ್ಮಾವರದಲ್ಲಿ ಗುಜರಿ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಹಳೇ ಫ್ಯಾನು, ತೂತುಬಿದ್ದ ಕುಕ್ಕರುಗಳ ನಡುವೆ ಒಂದು ಟಿವಿ ಆಂಟೆನಾ ಬಿದ್ದಿತ್ತು. ಸುಮ್ಮನೆ ಮುಟ್ಟಿದೆ. ಉಪ್ಪುಗಾಳಿ ತಿಂದ ಅಲ್ಯೂಮಿನಿಯಂನ ಬಿಳಿ ಹುಡಿ ಬೆರಳಿಗೆ ಹತ್ತಿತು... ಆಚೆಮನೆ ಮಾವನ ಕೈ ಯಾವಾಗಲೂ ಹೀಗೇ ಇರುತ್ತಿತ್ತು.

ಕುಂದಾಪುರದ ನಮ್ಮ ಓಣಿಯಲ್ಲಿ ಅವರ ಬಗ್ಗೆ ಈಗಲೂ ಒಂದೇ ಕಥೆ ಓಡುತ್ತದೆ. ಟಿವಿ ಹುಚ್ಚಿನ ಮನುಷ್ಯ. ನೆನಪು ಕೆಟ್ಟ ಹೆಂಡತಿಯನ್ನು ಮನೆಯಲ್ಲಿ ನೆಮ್ಮದಿಯಾಗಿ ಇರಗೊಡದೆ ಡಬ್ಬಾ ಗಾಡಿಯಲ್ಲಿ ಊರೂರು ಸುತ್ತಿಸಿದ. ಎಲ್ಲಿ ನಿಲ್ಲಿಸಿದರೂ ಮೊದಲು ಏಣಿ ಹತ್ತಿ ಆಂಟೆನಾ ತಿರುಗಿಸಿದ. ಇದರಲ್ಲಿ ನಡೆಯದೇ ಇದ್ದದ್ದು ಯಾವುದೂ ಇಲ್ಲ. ಆದರೆ ಘಟನೆಗಳು ನಿಜವಾದ ಮಾತ್ರಕ್ಕೆ ತೀರ್ಪೂ ನಿಜ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಷ್ಟು ಚರ್ಚಾಸ್ಪರ್ಧೆಗಳಲ್ಲಿ ನಿಂತು ಗಂಟಲು ಹರಿದುಕೊಂಡದ್ದಕ್ಕೆ ಇಷ್ಟಾದರೂ ಕಲಿಯದಿದ್ದರೆ ಹೇಗೆ?

ಮೊದಲು ಗಾಡಿಯ ವಿಷಯ. ಮಾವ ಶಾಲೆಯೊಂದರ ಮಕ್ಕಳ ವ್ಯಾನು ಓಡಿಸುತ್ತಿದ್ದವರು. ಕೆಲಸ ಬಿಡುವ ಹೊತ್ತಿಗೆ ಹೆಂಡತಿಯ, ಅಂದರೆ ನಮ್ಮ ಅತ್ತೆಯ, ನೆನಪು ಕೈಕೊಡತೊಡಗಿತ್ತು. ಹೊತ್ತು ಇಳಿಯುತ್ತಿದ್ದಂತೆ ಅವರು ಬಾಗಿಲಲ್ಲಿ ನಿಂತು, "ನಾನ್ ಮನಿಗ್ ಹೋತೆ" ಅನ್ನುತ್ತಿದ್ದರು. ಇದೇ ಮನೆ ಎಂದರೆ ಅಳು. ಒಂದು ಸಂಜೆ ಮಾವ ಬೇರೆ ದಾರಿ ಕಾಣದೆ ಅವರನ್ನು ಶಾಲೆಯ ವ್ಯಾನಿನಲ್ಲೇ ಕೂರಿಸಿ, "ಹೋಪ, ಮನಿಗೇ ಹೋಪ" ಎಂದು ಹೊರಟರು. ಬಸ್ರೂರು ಮುಟ್ಟುವುದರೊಳಗೆ ಅತ್ತೆ ತಣ್ಣಗಾಗಿದ್ದರು. ಗಾಡಿ ಓಡುತ್ತಿರುವಷ್ಟು ಹೊತ್ತು ಮನೆಗೆ ಹೋಗುತ್ತಿದ್ದೇವೆ ಅನ್ನುವುದು ಅವರ ಪಾಲಿಗೆ ಸುಳ್ಳಲ್ಲ. ಅದಕ್ಕೇ ಮಾವ ಅಂಥದೊಂದು ಹಳೇ ವ್ಯಾನು ತಂದು, ಸೀಟು ಕಿತ್ತು, ಮಂಚ, ಒಲೆ, ಪುಟ್ಟ ಟಿವಿ ಇಟ್ಟು ಮನೆಗಾಡಿ ಮಾಡಿಕೊಂಡದ್ದು. ಸುತ್ತಿಸಿದ್ದಲ್ಲ... ಸಮಾಧಾನ ಮಾಡಿದ್ದು.

ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ತಗಡಿನ ಗಾಡಿಯೊಳಗೆ ಆಂಟೆನಾ ಇಟ್ಟರೆ ಏನೂ ಸಿಗದು. ಹಾಗಾಗಿ ಗಾಡಿಯ ಹಿಂಬದಿಯ ಏಣಿಗೆ ಕೊಳವೆ ಬಿಗಿದು ಅದನ್ನು ಚಾವಣಿಗಿಂತ ಮೇಲಕ್ಕೆ ಏರಿಸಿದ್ದರು. ಕೇಬಲ್ಲು ಬದಲಾಯಿಸಿ, ಉಪ್ಪುಗಾಳಿ ಹೊಗದಂತೆ ಜೋಡಣೆಗಳಿಗೆ ಮೇಣ ಮೆತ್ತಿದ್ದರು. ಬೈಂದೂರಿನ ಕಡಲ ಬದಿಯಲ್ಲಿ ಮೀನಿನ ಆಟೋದವನೊಬ್ಬ ಕೆಳಗಿನಿಂದ ಕೆಣಕುತ್ತಿದ್ದ. "ಹ್ವಾಯ್ ಮಾವ, ಅಲ್ಲಿಂದ ಮುಂಬೈ ಕಾಂತಾ?"

"ಮುಂಬೈ ಕಾಂತಿಲ್ಲೆ. ನಿನ್ ಆಟೋ ಮೇಲ್ ಕೂತ ಕಾಕಿ ಕಾಂತ್. ಮೀನ್ ಮುಚ್ಚ್ ಮಾರಾಯ."

ಇನ್ನು ನನ್ನ ಸಾಕ್ಷಿ. ಆ ಕೊಳವೆಗೆ ಬಣ್ಣದ ಗೀಟುಗಳಿದ್ದವು. ಬ್ರಹ್ಮಾವರಕ್ಕೆ ಕೆಂಪು, ಬೈಂದೂರಿಗೆ ನೀಲಿ. ಗಾಡಿಯನ್ನು ಎಂದಿನ ಜಾಗದಲ್ಲಿ ನಿಲ್ಲಿಸಿ ಆಯಾ ಊರಿನ ಗೀಟನ್ನು ಏಣಿಯ ಅಂಚಿಗೆ ತಂದರೆ ಚಿತ್ರ ಸ್ವಚ್ಛ. ಚಿತ್ರವೊಂದೇ ಬೇಕಿದ್ದವನು ಗೀಟು ಕೂಡಿಸಿ ಇಳಿದುಬಿಡಬೇಕಿತ್ತು. ಮಾವ ಹಾಗೆ ಮಾಡುತ್ತಿರಲಿಲ್ಲ. ಬೇಕೆಂದೇ ಬೇರೆ ದಿಕ್ಕಿಗೆ ತಿರುಗಿಸಿ ಕೂಗುತ್ತಿದ್ದರು. "ಏಯ್, ಬಂತಾ?"

ಒಳಗಿನಿಂದ ಅತ್ತೆ, "ಇಲ್ಲೆ."

"ಈಗ?"

"ಒಂಚೂರ್ ಬಂತ್... ಹೋಯ್ತ್."

ದಿನವಿಡೀ ತುಟಿ ಬಿಚ್ಚದ, ಕೆಲವೊಮ್ಮೆ ಗಂಡನನ್ನೇ ಯಾರೆಂದು ಕೇಳುವ ಹೆಂಗಸು, ಹೊಸದಾಗಿ ಟಿವಿ ತಂದ ಕಾಲದಲ್ಲಿ ಕೊಡುತ್ತಿದ್ದ ಉತ್ತರವನ್ನು ಮಾತ್ರ ಮರೆತಿರಲಿಲ್ಲ.

ಆಮೇಲೆ ದೂರದರ್ಶನದ ಆ ಹಳೇ ಪ್ರಸಾರವೇ ನಿಂತುಹೋಯಿತು. ಇನ್ನು ಎಷ್ಟು ತಿರುಗಿಸಿದರೂ ವ್ಯರ್ಥ, ಡಿಶ್ ಹಾಕಿಸಿ, ಇಲ್ಲ ಮೊಬೈಲಿನಲ್ಲಿ ತೋರಿಸಿ ಎಂದು ನಾನು ಕಾರಣ ಸಮೇತ ವಿವರಿಸಿದೆ. ಮಾವ ಕೊನೆಯವರೆಗೆ ಕೇಳಿದರು.

"ಮುಗೀತಾ ನಿನ್ ಭಾಷಣ? ಗಂಟೆ ಹೊಡಿಕಾ?" ನಗಲಿಲ್ಲ. "ಮೊಬೈಲಿಗೆ ಏಣಿ ಹತ್ತುಕಾತ್ತಾ? ನಾನ್ ಹತ್ತದಿದ್ರೆ ಅವ್ಳ್ ಮಾತಾಡುದಿಲ್ಲೆ."



ಅಲ್ಲಿಂದ ಪರದೆಯ ಮೇಲೆ ಬರೀ ಬಿಳಿ ಚುಕ್ಕೆಗಳ ಗಲಭೆ. ಮಾವ ಕೂಗುತ್ತಿದ್ದರು, ಅತ್ತೆ "ಇಲ್ಲೆ" ಅನ್ನುತ್ತಿದ್ದರು. ಒಮ್ಮೆಯೂ ಇಲ್ಲದ್ದನ್ನು ಇದೆ ಅನ್ನಲಿಲ್ಲ. ನಾಲ್ಕಾರು "ಇಲ್ಲೆ" ಕಿವಿಗೆ ಬಿದ್ದರೆ ಮಾವ ತೃಪ್ತರಾಗಿ ಇಳಿಯುತ್ತಿದ್ದರು. ಬರಬರುತ್ತಾ ಅದೂ ಕಡಿಮೆಯಾಯಿತು...

ಬೈಂದೂರಿನಲ್ಲಿ ಒಂದು ಸಂಜೆ. ಅತ್ತೆಯ ಧ್ವನಿ ಕೇಳದೆ ಬಹಳ ದಿನಗಳಾಗಿದ್ದವು. ನಾನು ಒಳಗೆ ಅವರ ಪಕ್ಕ ಕೂತಿದ್ದೆ. ಮೇಲಿಂದ ಮಾವ, "ಬಂತಾ?" ಎಂದರು. ಅತ್ತೆ ಸುಮ್ಮನಿದ್ದರು. ಮತ್ತೆ ಕೇಳಿದರು. ಸುಮ್ಮನೇ. ಮೂರನೆಯ ಸಲ ಮಾವನ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ. ತಡೆಯಲಾಗದೆ ನಾನೇ ಉತ್ತರಿಸಲು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಗುಂಯ್ ಎನ್ನುತ್ತಿದ್ದ ಖಾಲಿ ಪರದೆಯನ್ನು ನೋಡಿದರು. ಆಮೇಲೆ ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದರು.

"ಹ್ವಾಯ್, ಬಂತ್. ಲಾಯ್ಕ್ ಬಂತ್. ಇನ್ ಇಳ್ದ್ ಬನ್ನಿ, ಬೀಳ್ತ್ರಿ."

ಮಾವ ಇಳಿದು ಒಳಗೆ ಬಂದರು. ಪರದೆ ನೋಡಿದರು, ಹೆಂಡತಿಯ ಮುಖ ನೋಡಿದರು. ಪಕ್ಕದಲ್ಲಿ ಕೂತರು. ಕತ್ತಲಾಗುವವರೆಗೆ ಇಬ್ಬರೂ ಆ ಚುಕ್ಕೆಗಳನ್ನೇ ನೋಡಿದರು. ಮಾವ ಮತ್ತೆ ಏಣಿ ಹತ್ತಿದ್ದನ್ನು ನಾನು ಕಾಣಲಿಲ್ಲ.

ಆ ಮಳೆಗಾಲದಲ್ಲಿ ಅತ್ತೆ ಹೋದರು. ಮಾವ ಹೆಚ್ಚು ಕಾಲ ಉಳಿಯಲಿಲ್ಲ. ಆಚೆಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ; ಒಳ್ಳೆಯವರೇ, ಆದರೆ ನನ್ನೊಡನೆ ವಾದಕ್ಕೆ ನಿಲ್ಲುವವರಲ್ಲ. ನಾನು ಒಬ್ಬನೇ ಎರಡೂ ಪಕ್ಷ ಮಾತಾಡಿಕೊಳ್ಳುತ್ತೇನೆ. ನೆನಪು ಕೆಟ್ಟ ಮನಸ್ಸಿಗೆ ಇಲ್ಲದ ಚಿತ್ರ ಕಂಡಿತು ಅನ್ನುವುದು ಒಂದು. ಕತ್ತಲಾಗುತ್ತಿರುವಾಗ ವಯಸ್ಸಾದ ಗಂಡ ಎತ್ತರದಲ್ಲಿದ್ದಾನೆ ಎಂದು ಗೊತ್ತಾಗಿ, ಅವನನ್ನು ಇಳಿಸಲಿಕ್ಕೆಂದೇ ಮೊದಲ ಬಾರಿ ಸುಳ್ಳು ಹೇಳಿದರು ಅನ್ನುವುದು ಇನ್ನೊಂದು. ಎರಡಕ್ಕೂ ಆಧಾರವಿದೆ. ತೀರ್ಪು ಕೊಡಬೇಕಾದವರು ಇಲ್ಲ...

ಅತ್ತೆ, ಅವತ್ತು ನಿಮಗೆ ಕಂಡದ್ದು ಎಂತ?