ಹೆಡ್‌ಮಿಸ್ ಬಂದ ಮುಹೂರ್ತ

ಹೂಡಿಯಲ್ಲಿ ನಾನು ಓದಿದ ಹೆಣ್ಣುಮಕ್ಕಳ ಶಾಲೆಗೆ ಸೇರುವವರೇ ಇಲ್ಲವೆಂದು ಬೀಗ ಹಾಕಿದರು. ಒಂದೆರಡು ವರ್ಷದಲ್ಲಿ ಅದೇ ಕಟ್ಟಡ ಮದುವೆ ಛತ್ರವಾಯಿತು. ಏಳನೇ ಕ್ಲಾಸು ವಧುವಿನ ಕೋಣೆ, ಆಫೀಸ್ ರೂಮು ಉಗ್ರಾಣ. ಗೋಡೆಗೆ ಅಂಟಿಕೊಂಡಿದ್ದ ಕರಿಹಲಗೆಯನ್ನು ಕೀಳಲಾಗದೆ ಹಾಗೇ ಬಿಟ್ಟಿದ್ದರು. ನಾವು ಭಾಗಾಕಾರ ತಪ್ಪಿ ಪೆಟ್ಟು ತಿಂದ ಜಾಗದಲ್ಲಿ ಅಡುಗೆಯವರು ಹೋಳಿಗೆ, ಕೋಸಂಬರಿ ಎಂದು ಪಟ್ಟಿ ಬರೆಯುತ್ತಿದ್ದರು.

ನನ್ನ ಮದುವೆಯೂ ಅಲ್ಲೇ ನಿಶ್ಚಯವಾಯಿತು. ನನಗಿದ್ದದ್ದು ಒಂದೇ ಆಸೆ, ನಮ್ಮ ಹೆಡ್‌ಮಿಸ್ ಬರಬೇಕು. ಏಳಕ್ಕೇ ಓದು ಬಿಡಿಸಲು ಹೊರಟಿದ್ದ ಅಪ್ಪನನ್ನು ಮನೆಗೇ ಬಂದು ದಬಾಯಿಸಿ ನನ್ನನ್ನು ಹೈಸ್ಕೂಲಿಗೆ ಸೇರಿಸಿದವರು ಅವರು. ಆದರೆ ಶಾಲೆ ಮುಚ್ಚಿದ ದಿನ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಎಲ್ಲರೆದುರು ಹೇಳಿ ಹೋಗಿದ್ದರು. ಲಗ್ನಪತ್ರಿಕೆ ಕೊಡಲು ಹೋದಾಗ ಕಾಫಿ ಕೊಟ್ಟು, "ಬರಲ್ಲ ಕಣೇ. ಬೇರೆ ಎಲ್ಲಾದ್ರೂ ಇಟ್ಕೊಂಡಿದ್ರೆ ನಿಮ್ಮಪ್ಪನಿಗಿಂತ ಮುಂಚೆ ಬಂದಿರ್ತಿದ್ದೆ" ಎಂದರು. ಮನೆಗೆ ಬಂದು ಅತ್ತುಬಿಟ್ಟೆ.

ಮುಹೂರ್ತದ ಹೊತ್ತು. ಗಟ್ಟಿಮೇಳ ಜೋರಾಗಿತ್ತು. ತಾಳಿಯ ದಾರ ನನ್ನ ಕೊರಳಿಗೆ ಬಂದಿತ್ತು, ಗಂಟು ಬಿದ್ದಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಿಸ್ ಕಂಡರು. ಮೊದಲು ನಮ್ಮ ಚಿಕ್ಕಮ್ಮ ದಡಕ್ಕನೆ ಎದ್ದರು, ಆಮೇಲೆ ಸಾಲುಸಾಲಾಗಿ ಊರಿನ ಹೆಂಗಸರೆಲ್ಲ. "ನಮಸ್ತೇ ಮಿಸ್" ಎಂದು ಹಳೆಯ ರಾಗವನ್ನೇ ಎಳೆದರು. ನಾನೂ ಎದ್ದು ನಿಂತೆ. ದಾರದ ತುದಿ ಹಿಡಿದಿದ್ದ ಗಂಡೂ ಜೊತೆಗೇ ಎದ್ದ. ಸರ್ಜಾಪುರದಿಂದ ಬಂದಿದ್ದ ಗಂಡಿನ ಸೋದರಮಾವ ಗಾಬರಿಯಾಗಿ, "ಹುಡ್ಗಿ ಒಪ್ಪಿಲ್ವೇನ್ರೀ?" ಎಂದು ಅಪ್ಪನನ್ನು ಕೇಳಿದರು.

"ಕೂತ್ಕೊಳ್ಳಿ" ಎಂದರು ಹೆಡ್‌ಮಿಸ್. ಎಲ್ಲರೂ ಕೂತರು. ಅವರನ್ನು ಎಂದೂ ನೋಡಿರದ ಗಂಡಿನ ಕಡೆಯವರೂ ಕೂತರು. ಮೂರು ಗಂಟು ಬಿತ್ತು.

ಅಕ್ಷತೆ ಹಾಕಲು ಬಂದಾಗ, "ಬರಲ್ಲ ಅಂದಿದ್ರಲ್ಲ ಮಿಸ್" ಎಂದೆ.

"ಓಲಗದ ಗದ್ದಲದಲ್ಲಿ ಅಕ್ಷತೆ ಹಾಕಿ ಹೋಗ್ಬಿಡೋಣ ಅಂತಿದ್ದೆ. ನೀವು ಬಿಡ್ಬೇಕಲ್ಲ" ಎಂದು ನಕ್ಕರು. ಆಮೇಲೆ ಸಭೆಯ ಕಡೆ ತಿರುಗಿ, ರೇಷ್ಮೆ ಸೀರೆಯ ಹಳೆಯ ವಿದ್ಯಾರ್ಥಿನಿಯರನ್ನೂ ಅವರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದ ಹೆಣ್ಣುಮಕ್ಕಳನ್ನೂ ನೋಡುತ್ತ ನಿಂತರು.

"ಎದ್ದು ನಿಲ್ಲೋಕೆ ಇಷ್ಟೊಂದು ಜನ ಇದ್ದೀರ. ಒಬ್ಬರಾದ್ರೂ ಮಗಳನ್ನ ನನ್ನ ಸ್ಕೂಲಿಗೆ ಕಳಿಸಿದ್ರೇನ್ರೇ?"

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು. ಅಕ್ಕ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಕಳಿಸಲು ನನಗಿನ್ನೂ ಮಗಳಿರಲಿಲ್ಲ. ಆದರೂ ತಲೆ ತಗ್ಗಿಸಿದೆ, ಇದ್ದಿದ್ದರೆ ಎಲ್ಲಿಗೆ ಕಳಿಸುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.