ಮೂರು ಬೆರಳಿನ ಬೆಲ್ಲ

ನಮ್ಮ ಅಣ್ಣ ಮಲ್ಲಪ್ಪನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಆದರೂ ಗೋಕಾಕ ಪೇಟೆಯಲ್ಲಿ ಅವನ ಸಹಿ ಎಲ್ಲರಿಗೂ ಗೊತ್ತಿತ್ತು.

ಕುಲಗೋಡದಲ್ಲಿ ನಮ್ಮ ಗಾಣ. ಕಾಸಿದ ಬೆಲ್ಲವನ್ನು ಅಚ್ಚಿಗೆ ಸುರಿದು, ಆ ಗಟ್ಟಿ, ಅಂದರೆ ಪೆಂಟಿ, ಇನ್ನೂ ಬೆಚ್ಚಗಿರುವಾಗಲೇ ಅಣ್ಣ ಅದರ ನೆತ್ತಿಯ ಮೇಲೆ ಮೂರು ಬೆರಳು ಎಳೆಯುತ್ತಿದ್ದ. ಹಣೆಗೆ ವಿಭೂತಿ ಎಳೆದ ಹಾಗೆ. "ಮೂರು ಬೆರಳಿನ ಬೆಲ್ಲ ಬಂದೈತೇನ್ರಿ?" ಎಂದು ಕೇಳಿ ಒಯ್ಯುವವರಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೇ ಅವನ ಲೇಬಲ್.

ಅಣ್ಣ ಈ ಶ್ರಾವಣದಲ್ಲಿ ತೀರಿಕೊಂಡ. (ಕೆಲವು ವಾರ ಈ ಅಂಕಣ ಏಕೆ ಬರಲಿಲ್ಲ ಎಂದು ಕೇಳಿದವರಿಗೆ ಇದೇ ಉತ್ತರ.)

ಅವನ ಬೆಲ್ಲಕ್ಕೆ ಒಂದೇ ಕೊರತೆ. ಕಪ್ಪು. ಬೆಂಡಿ ಗಿಡದ ಕಾಂಡ ಜಜ್ಜಿ, ಅದರ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದ. ಮತ್ತೇನೂ ಹಾಕುತ್ತಿರಲಿಲ್ಲ. ಪೇಟೆಗೆ ಈಗ ಹಳದಿ ಬೆಲ್ಲ ಬೇಕು. ಸಕ್ಕರೆ ರೇಷನ್ ಆದಾಗಿನಿಂದ ಬೆಲ್ಲವೂ ಸಕ್ಕರೆಯಂತೆ ಕಾಣಬೇಕು! ಸುಳ್ಳೇಕೆ, ಗೋಕಾಕದ ನಮ್ಮ ಮನೆಯಲ್ಲೂ ಬಂದವರ ಚಹಾಕ್ಕೆ ಹಳದಿ ಬೆಲ್ಲವೇ. ಅಣ್ಣ ವರ್ಷ ವರ್ಷ ತಪ್ಪದೆ ಒಂದು ಪೆಂಟಿ ಕಳಿಸುತ್ತಿದ್ದ. (ಅದು ಏನಾಗುತ್ತಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ.)

ಹೋದ ವಾರ ಗಾಣ ಹೂಡಿದರು. ಅಣ್ಣನಿಲ್ಲದ ಮೊದಲ ಗಾಣ. ಹೋಗದೆ ಇರಲಾಗಲಿಲ್ಲ.

ಕಡಾಯಿಯ ಮುಂದೆ ಅಣ್ಣನ ಮಗ ಬಸಲಿಂಗ ನಿಂತಿದ್ದ. ಪಾಕ ಉಕ್ಕಿ ಬರುವಾಗ ಒಂದು ಡಬ್ಬಿಯಿಂದ ಬಿಳಿ ಪುಡಿ ತೆಗೆದು ಉದುರಿಸಿದ. ನೋಡನೋಡುತ್ತಿದ್ದಂತೆ ಕಂದು ಬಣ್ಣ ಇಳಿದು ಹಳದಿಯಾಯಿತು.

"ಏನೋ ಅದು?"

"ಬೆಲ್ಲದ ಔಷಧ್ರಿ ಕಾಕಾ. ಪ್ಯಾಟಿ ಅಡತಿ ಅಂಗಡಿಯವ್ರು ಕೊಟ್ಟಾರ."

"ಏನೈತಿ ಅದರಾಗ?"

"ಅದನ್ಯಾಂವ ಕೇಳ್ತಾನ್ರಿ? ಡಬ್ಬಿ ಮ್ಯಾಲ ಇಂಗ್ಲಿಷ್ ಐತಿ. ಖೊಟ್ಟಿ ಮಾಲಿದ್ರ ಇಂಗ್ಲಿಷ್‌ನ್ಯಾಗ ಬರೀತಿದ್ರೇನ್ರಿ?"

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಬಣ್ಣಗಾರರಿಗಾಗಿ ಎಂದಿತ್ತು. ಬಟ್ಟೆಯ ಬಣ್ಣ ತೆಗೆಯಲು ಎಂದಿತ್ತು. ಬೆಲ್ಲದ ಮಾತೇ ಇರಲಿಲ್ಲ.

ಓದಿದ್ದನ್ನು ಗಟ್ಟಿಯಾಗಿ ಹೇಳಿದೆ. ಪೆಂಟಿಗಳ ಹತ್ತಿರ ಕೂತಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ ಗೌರವ್ವ, ತಲೆ ಎತ್ತಿದಳು.

"ನಮಗೇನ್ ಚಿಂತಿಲ್ರಿ," ಎಂದ ಬಸಲಿಂಗ. "ಮನೀಗೆ ಬ್ಯಾರೆ ಕಡಾಯಿ ಕಾಸೇನಿ. ಅದಕ್ಕ ಪುಡಿ ಹಾಕಿಲ್ಲ."

"ಯಾಕ ಹಾಕಿಲ್ಲೋ?" ವೈನಿ ಕೇಳಿದಳು.

ಬಸಲಿಂಗ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಹಾಕಿದ.

ಆ ಪುಡಿ ಹೊಟ್ಟೆಗೆ ಹೋದರೆ ಏನಾಗುತ್ತದೆ? ನನಗೆ ಗೊತ್ತಿಲ್ಲ. ಗೋಕಾಕಕ್ಕೆ ಮರಳಿದ ಮೇಲೆ ಡಾಕ್ಟರರನ್ನು ಕೇಳಿದೆ. ಅವರಿಗೂ ಗೊತ್ತಿಲ್ಲವಂತೆ. ಏನೂ ಆಗಲಿಕ್ಕಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಮನೆಯವರಿಗೆ ಬೇಡವಾದದ್ದು ಪೇಟೆಯವರಿಗೆ ಹೇಗೆ ಆದೀತು? ಹೇಳಿಯಾದರೂ ಹಾಕಬಾರದೇ?

ಅಂದು ಗಾಣದಲ್ಲಿ, ಪಾಕ ಅಚ್ಚಿಗಿಳಿದ ಮೇಲೆ ಬಸಲಿಂಗ ಹಳದಿ ಪೆಂಟಿಗಳ ಮೇಲೆ ಸಾಲಾಗಿ ಮೂರು ಬೆರಳು ಎಳೆದು ಮುಗಿಸಿದ. ವೈನಿ ಎದ್ದಳು. ಅಂಗೈ ನೀರಿಗದ್ದಿ, ಮೊದಲನೆಯ ಪೆಂಟಿಯ ನೆತ್ತಿ ಸವರಿದಳು. ಬೆರಳ ಗುರುತು ಅಳಿದು ನುಣ್ಣಗಾಯಿತು. ಎರಡನೆಯದು. ಮೂರನೆಯದು.

"ಯವ್ವಾ! ಗುರ್ತಿಲ್ಲದ ಬೆಲ್ಲ ಯಾರ್ ತಗೋತಾರ?"

"ಪುಡಿ ಹಾಕೂದು ಬಿಡೂದು ನಿನಗ ಬಿಟ್ಟಿದ್ದು. ಗಾಣ ನಿಂದು. ಬೆರಳು ನಿಮ್ಮಪ್ಪಂದು. ಅಂವ ಹಾಕದ್ದನ್ನ ಅವನ ಹೆಸರ್ಲೆ ಮಾರಬ್ಯಾಡ."

ಅಣ್ಣ ಹೋದ ದಿನ ಅಷ್ಟಾಗಿ ಅಳದಿದ್ದ ವೈನಿ, ಪೆಂಟಿ ಸವರುತ್ತ ಅತ್ತಳು. ಬಿಸಿಗೆ ಅವಳ ಅಂಗೈ ಕೆಂಪಾಗಿತ್ತು. ಕೊನೆಗೆ ಮನೆಯ ಕಡಾಯಿಯ ಕಪ್ಪು ಪೆಂಟಿಗಳ ಮೇಲೆ ಮಾತ್ರ ತಾನೇ ಮೂರು ಬೆರಳು ಎಳೆದಳು. ಮನೆಗೆ ಸಾಕಾಗುವಷ್ಟು ಇಟ್ಟುಕೊಂಡು, ಉಳಿದ ನಾಲ್ಕನ್ನು ಹಳದಿ ಬೆಲ್ಲದ ಜೊತೆಗೇ ಗಾಡಿಗೆ ಹಾಕಿಸಿದಳು.

ಮೊನ್ನೆ ಸಂತೆಯ ದಿನ ಗೋಕಾಕದಲ್ಲಿ ಬಸಲಿಂಗನ ಗಾಡಿಯ ಬಳಿ ನಿಂತು ನೋಡಿದೆ. ಬೋಳು ನೆತ್ತಿಯ ಹಳದಿ ಪೆಂಟಿಗಳು ಮಧ್ಯಾಹ್ನದೊಳಗೆ ಖಾಲಿ. ಗುರುತು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಆ ನಾಲ್ಕು ಮಾತ್ರ ಹಾಗೆಯೇ ಕೂತಿದ್ದವು. ಬಸಲಿಂಗ ನನ್ನ ಮುಖ ನೋಡಲಿಲ್ಲ. ನಾನು ಒಂದು ಪೆಂಟಿ ಎತ್ತಿ ಹೆಗಲಿಗಿಟ್ಟುಕೊಂಡೆ.

ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ನಕ್ಕಳು. "ಇಷ್ಟ ಕರೀ ಬೆಲ್ಲ ಯಾರ್ ತಿಂತಾರ್ರಿ ಅಣ್ಣಾರ? ಮನ್ಯಾಗ ಎಮ್ಮಿ ಕಟ್ಟೀರೇನ್ರಿ?"

ಕಟ್ಟಿದ್ದೇನೆ. ಇಷ್ಟು ವರ್ಷ ಅಣ್ಣ ಕಳಿಸಿದ ಬೆಲ್ಲವನ್ನೆಲ್ಲ ತಿಂದದ್ದು ಅದೇ.